ಕ್ಯಾಪ್ ಎಂಬ ಟೋಪಿ

ನಮ್ಮಲ್ಲಿ ಒಬ್ಬರನ್ನು ಗೌರವಿಸಬೇಕೆಂದರೆ ತಲೆಗೆ ಮೈಸೂರು ಪೇಟ ತೊಡಿಸುತ್ತೇವೆ. ವಂಚಿಸಬೇಕೆಂದರೆ ಟೋಪಿ ಹಾಕುತ್ತೇವೆ. ಎರಡೂ ತಲೆಯ ಮೇಲೇ ಕೂರುವಂಥವು, ಆದರೆ ಪೇಟಕ್ಕೆ ಸಿಕ್ಕ ಮಾನ ಟೋಪಿಗೆ ಸಿಗಲಿಲ್ಲ. ಚೀಟಿ ಹಣ ಎತ್ತಿಕೊಂಡು ಓಡಿಹೋದವನು, ಸೈಟು ಕೊಡಿಸುತ್ತೇನೆಂದು ಮುಂಗಡ ಪಡೆದು ಮಾಯವಾದವನು, ಇವರೆಲ್ಲ ಊರಿಗೆ ಟೋಪಿ ಹಾಕಿದವರೇ. ಇಂಗ್ಲಿಷರ ಆಟದ ಭಾಷೆಯಲ್ಲಿ ಮಾತ್ರ ಟೋಪಿ ಅಂದರೆ ಮರ್ಯಾದೆ. ದೇಶದ ಪರ ಒಂದು ಪಂದ್ಯ ಆಡಿದರೆ ಒಂದು ಕ್ಯಾಪ್. ರಗ್ಬಿಯಲ್ಲಿ ಈ ಪದ ನಡೆದುಬಂದ ದಾರಿಯನ್ನು ನೋಡಿದರೆ ಮಾತ್ರ, ಅದು ಮೆಲ್ಲಮೆಲ್ಲಗೆ ನಮ್ಮ ನುಡಿಗಟ್ಟಿನ ಕಡೆಗೇ ಸರಿದು ಬಂದಿದೆ ಎನ್ನಿಸುತ್ತದೆ.

ಮೊದಲಿಗೆ ಅದು ನಿಜವಾದ ಟೋಪಿಯೇ. ಆಟಕ್ಕೆ ಹೆಸರು ಕೊಟ್ಟ ರಗ್ಬಿ ಶಾಲೆಗೆ 1839ರಲ್ಲಿ ಮಾಜಿ ರಾಣಿ ಅಡಿಲೇಡ್ ಭೇಟಿ ಕೊಟ್ಟಾಗ ಒಂದು ಹಾಸ್ಟೆಲಿನ ಹುಡುಗರು ಕೆಂಪು ಮಖಮಲ್ಲಿನ ಟೋಪಿ ಹಾಕಿಕೊಂಡು ಆಡಿದರಂತೆ. ಚೆಂಡು ಯಾವುದು, ಕಾಲು ಯಾರದು ಎಂದು ತಿಳಿಯದ ಆ ಗುಂಪುಗುದ್ದಾಟದಲ್ಲಿ ಯಾರು ಯಾರ ಕಡೆ ಎಂದು ಗುರುತು ಹಿಡಿಯಲು ಟೋಪಿ ಒದಗಿತು. ಫುಟ್‌ಬಾಲಿನವರು 1886ರಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿದವರಿಗೆ ಕ್ಯಾಪ್ ಕೊಡಬೇಕೆಂದು ತೀರ್ಮಾನಿಸಿದರು. ಕಾಲಕ್ರಮೇಣ ಟೋಪಿ ತಲೆಯಿಂದ ಇಳಿದು ಗಾಜಿನ ಕಪಾಟು ಸೇರಿತು. ಪದ ಮಾತ್ರ ಲೆಕ್ಕದ ಪುಸ್ತಕಕ್ಕೆ ಹೋಯಿತು. ಇವನಿಗೆ ಐವತ್ತು ಕ್ಯಾಪ್, ಅವನಿಗೆ ನೂರು, ಇನ್ನೊಬ್ಬ ಪಾಪ ಇನ್ನೂ ‘ಅನ್‌ಕ್ಯಾಪ್ಡ್’. ಈ ಕೊನೆಯ ಮಾತನ್ನು ಐಪಿಎಲ್ ಹರಾಜಿನ ಪುಣ್ಯದಿಂದ ಈಗ ನಮ್ಮ ಮನೆ ಮಕ್ಕಳೂ ಆಡುತ್ತಾರೆ.

ಇಷ್ಟರವರೆಗೆ ಕ್ಯಾಪ್ ಒಂದು ಬಹುಮಾನ. ಅದನ್ನು ಹಾಕಿಕೊಂಡ ಮಾತ್ರಕ್ಕೆ ಯಾರೂ ಯಾರ ಸ್ವತ್ತೂ ಆಗುತ್ತಿರಲಿಲ್ಲ. ಜೇಮ್ಸ್ ಮಾರ್ಷ್ ಎಂಬಾತ 1889ರಲ್ಲಿ ಸ್ಕಾಟ್ಲೆಂಡ್ ಪರ ಆಡಿ, 1892ರಲ್ಲಿ ಇಂಗ್ಲೆಂಡ್ ಪರ ಆಡಿದ. ಆ ಎರಡು ದೇಶಗಳ ಜಿದ್ದು ಸಾಮಾನ್ಯದ್ದಲ್ಲ. ಅವರು ಇವತ್ತಿಗೂ ಪ್ರತಿವರ್ಷ ಕಾದಾಡುವುದು ಕಲ್ಕತ್ತಾ ಕಪ್ಪಿಗಾಗಿ. ಕಲ್ಕತ್ತಾದ ಕ್ಲಬ್ಬೊಂದು ಮುಚ್ಚಿದಾಗ ಅದರ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಪ್ ಅದು. ಅಂದರೆ ಅವರ ದೇಶಾಭಿಮಾನದ ಬೆಳ್ಳಿ ನಮ್ಮದು! ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಿಯಮ ಸಡಿಲವಾಗಿಯೇ ಇತ್ತು. ಎನ್ರಿಕೆ ರೊಡ್ರಿಗಸ್ ಅರ್ಜೆಂಟೀನಾ ಪರ ಆಡಿ, ಆಮೇಲೆ ಆಸ್ಟ್ರೇಲಿಯಾ ಪರ ಆಡಿದ. ಮೈಕಲ್ ಜೋನ್ಸ್ 1986ರಲ್ಲಿ ಪಶ್ಚಿಮ ಸಮೋವಾ ಪರ ಒಂದು ಟೆಸ್ಟ್, ಅಂದರೆ ಅಂತರರಾಷ್ಟ್ರೀಯ ಪಂದ್ಯ, ಆಡಿ, ಮರುವರ್ಷ ನ್ಯೂಜಿಲೆಂಡಿನ ಕಪ್ಪು ಜರ್ಸಿಯಲ್ಲಿ ವಿಶ್ವಕಪ್ ಗೆದ್ದ. ಫ್ರಾಂಕ್ ಬನ್ಸ್ 1991ರ ವಿಶ್ವಕಪ್ಪಿನಲ್ಲಿ ಸಮೋವಾದವನು, 1992ರಿಂದ ನ್ಯೂಜಿಲೆಂಡಿನವನು. ಜೇಮಿ ಜೋಸೆಫ್ ನ್ಯೂಜಿಲೆಂಡಿಗೆ ಆಡಿದ ಮೇಲೆ 1999ರಲ್ಲಿ ಜಪಾನಿಗೆ ಆಡಿದ. ಅವನೇ ಮುಂದೆ ಕೋಚ್ ಆಗಿ 2019ರಲ್ಲಿ ಜಪಾನನ್ನು ಮೊದಲ ಬಾರಿಗೆ ವಿಶ್ವಕಪ್ ಕ್ವಾರ್ಟರ್‌ಫೈನಲಿಗೆ ಮುಟ್ಟಿಸಿದ. ಎರಡು ಕಡೆ ಆಡಿದವನು ಯಾರಿಗೂ ನಿಷ್ಠನಲ್ಲ ಎನ್ನುವವರಿಗೆ ನಾನು ಇವನನ್ನು ತೋರಿಸುತ್ತೇನೆ.

ಆಟಕ್ಕೆ ದುಡ್ಡು ಬಂತು. 1995ರಲ್ಲಿ ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರವಾಯಿತು. ಆಟಗಾರ ಸಂಬಳದ ಆಳಾದ ಮೇಲೆ ಅವನು ಯಾರ ಆಳು ಎಂಬ ಪ್ರಶ್ನೆ ಏಳಲೇಬೇಕಲ್ಲ. 2000ದಿಂದ ನಿಯಮ ಬಿಗಿಯಾಯಿತು: ಒಬ್ಬನಿಗೆ ಒಂದೇ ದೇಶ, ಜೀವನಪರ್ಯಂತ. ಆ ದೇಶದ ಪರ ಆಡಲು ಮೂರು ದಾರಿ. ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ ಅಮ್ಮ ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲವಾದರೆ ಆಗ ಅಲ್ಲಿ ಮೂರು ವರ್ಷ ಸತತವಾಗಿ ವಾಸವಿರಬೇಕಿತ್ತು. ಪಾಸ್‌ಪೋರ್ಟಿನ ಮಾತೇ ಇಲ್ಲ, ಗಮನಿಸಿ.

ಅದೇ 2000ದಲ್ಲಿ ಅಜ್ಜಿಯ ಹೆಸರಿನಲ್ಲಿ ಒಂದು ಹಗರಣ ನಡೆಯಿತು. ವೇಲ್ಸ್ ತಂಡದಲ್ಲಿ ಶೇನ್ ಹೋವರ್ತ್, ಬ್ರೆಟ್ ಸಿಂಕಿನ್ಸನ್ ಎಂಬ ಇಬ್ಬರು ನ್ಯೂಜಿಲೆಂಡಿಗರಿದ್ದರು. ಹೋವರ್ತ್ ಅಂತೂ ಅದಕ್ಕೂ ಮುಂಚೆ ನ್ಯೂಜಿಲೆಂಡ್ ಪರವೇ ಟೆಸ್ಟ್ ಆಡಿದ್ದವನು. ತಮ್ಮ ಅಜ್ಜಂದಿರು ವೇಲ್ಸಿನವರು ಎಂಬುದು ಇಬ್ಬರ ಹೇಳಿಕೆ. ಪತ್ರಕರ್ತರು ಜನನ ದಾಖಲೆ ಹುಡುಕಿದರೆ ವೇಲ್ಸಿನ ನಂಟಿಗೆ ಪುರಾವೆಯೇ ಇಲ್ಲ. ಸಿಂಕಿನ್ಸನ್ನನ ಅಜ್ಜ ಹುಟ್ಟಿದ್ದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ. ಅದೇ ಗಾಳಿಗೆ ಸ್ಕಾಟ್ಲೆಂಡಿನ ಡೇವಿಡ್ ಹಿಲ್ಟನ್ ಕೂಡ ಸಿಕ್ಕಿಬಿದ್ದ. ನಲವತ್ತೊಂದು ಪಂದ್ಯ ಆಡಿದ್ದ ಅವನ ಅಜ್ಜ ಎಡಿನ್‌ಬರೋದವನಲ್ಲ, ಬ್ರಿಸ್ಟಲ್‌ನವನು ಎಂದು ಗೊತ್ತಾಯಿತು. ಪತ್ರಿಕೆಗಳು ಇದನ್ನು ‘ಗ್ರ್ಯಾನಿಗೇಟ್’ ಎಂದು ಕರೆದವು. ಮೂವರದ್ದೂ ಅಜ್ಜನ ತಕರಾರು, ಕೆಟ್ಟ ಹೆಸರು ಅಜ್ಜಿಗೆ. ಈ ಅನ್ಯಾಯ ಯಾವ ಊರಲ್ಲೂ ತಪ್ಪಿದ್ದಲ್ಲವೇನೋ.

ಕತೆ ಅಲ್ಲಿಗೆ ಮುಗಿಯಲಿಲ್ಲ ಎನ್ನುವುದೇ ಸ್ವಾರಸ್ಯ. ಸಿಂಕಿನ್ಸನ್ ವೇಲ್ಸಿನಲ್ಲೇ, ಹಿಲ್ಟನ್ ಸ್ಕಾಟ್ಲೆಂಡಿನಲ್ಲೇ ಉಳಿದರು. ವಾಸದ ಅವಧಿ ತುಂಬಿದ ಮೇಲೆ ಅದೇ ದೇಶಗಳಿಗೆ ಮತ್ತೆ ಆಡಿದರು. ಅಜ್ಜ ಸುಳ್ಳಾದರೂ ಬಾಡಿಗೆ ಮನೆ ನಿಜವಾಗಿತ್ತು.

ಈಗ ಪದದ ಇನ್ನೊಂದು ಬದಿಗೆ ಬರೋಣ. ನಿಯಮ ಬಿಗಿಯಾದ ಮೇಲೆ ಕ್ಯಾಪ್ ಕೊಡುವುದೆಂದರೆ ಬೇಲಿ ಹಾಕುವುದು ಎಂದಾಯಿತು. ಒಂದು ಸಲ ಆಡಿದವನನ್ನು ರಗ್ಬಿಯವರು ‘ಕ್ಯಾಪ್ಚರ್ಡ್’ ಎನ್ನುತ್ತಾರೆ. ಕ್ಯಾಪ್ಚರ್ ಎಂದರೆ ನಮಗೆ ನೆನಪಾಗುವುದು ಮತಗಟ್ಟೆ, ಅದರ ಬಾಗಿಲಲ್ಲಿ ನಿಂತ ಲಾಠಿ. ಆಡಳಿತಗಾರರು ಮುಜುಗರವಿಲ್ಲದೆ ಈ ಪದ ಬಳಸುತ್ತಾರೆ. ಮೂರು ದೇಶಗಳಿಗೆ ಅರ್ಹನಾದ ಇಪ್ಪತ್ತೊಂದರ ಹುಡುಗ ಕಣ್ಣಿಗೆ ಬಿದ್ದರೆ, ಪಂದ್ಯದ ಕೊನೆಯ ಐದು ನಿಮಿಷ ಇಳಿಸಿದರೂ ಸಾಕು. ಅವನು ಗೆಲ್ಲಿಸಬೇಕಾಗಿಲ್ಲ, ಮತ್ತೆ ಆಡಬೇಕಾಗಿಯೂ ಇಲ್ಲ. ಬೇರೆಯವರಿಗೆ ಸಿಗದಿದ್ದರಾಯಿತು. ಇದನ್ನೇ ಅಲ್ಲವೇ ನಾವು ಟೋಪಿ ಹಾಕುವುದು ಎನ್ನುವುದು?

ಅತಿ ಕ್ರೂರ ಉದಾಹರಣೆ ಸ್ಟೀವನ್ ಶಿಂಗ್ಲರ್‌ನದು. ತಾಯಿಯ ಕಡೆಯಿಂದ ಸ್ಕಾಟ್ಲೆಂಡಿನ ನಂಟಿದ್ದ ಅವನನ್ನು 2012ರಲ್ಲಿ ಸ್ಕಾಟ್ಲೆಂಡ್ ತನ್ನ ತಂಡಕ್ಕೆ ಆರಿಸಿತು. ವೇಲ್ಸ್ ತಕರಾರು ತೆಗೆಯಿತು. ಅವನು ವೇಲ್ಸಿನ ಇಪ್ಪತ್ತರೊಳಗಿನವರ ತಂಡಕ್ಕೆ ಫ್ರಾನ್ಸಿನ ಅದೇ ವಯಸ್ಸಿನವರ ವಿರುದ್ಧ ಆಡಿದ್ದ. ಎರಡೂ ದೇಶಗಳು ಆ ಹುಡುಗರ ತಂಡವನ್ನೇ ತಮ್ಮ ‘ಎರಡನೇ ರಾಷ್ಟ್ರೀಯ ತಂಡ’ ಎಂದು ಕಾಗದದಲ್ಲಿ ಘೋಷಿಸಿದ್ದವು. ಅಂಥ ಎರಡನೇ ತಂಡಗಳ ಪಂದ್ಯ ಆಡಿದರೂ ಸೆರೆಯೇ, ಹಾಗಾಗಿ ಅವನು ಆಗಲೇ ಸೆರೆಸಿಕ್ಕವನು ಎಂದು ತೀರ್ಪಾಯಿತು. ಅದೇ ವರ್ಷ ಅವನ ಅಣ್ಣ ಆರನ್ ವೇಲ್ಸಿನ ದೊಡ್ಡವರ ತಂಡದಲ್ಲಿ ಆಡಿದ. ಸ್ಟೀವನ್‌ಗೆ ಅದರ ಪರ ಆಡುವ ಅವಕಾಶ ಸಿಗಲೇ ಇಲ್ಲ. ಟೋಪಿ ಕೊಡದೆಯೇ ಟೋಪಿ ಹಾಕಿದ ಪ್ರಸಂಗ ಇದು.

ಅದೇ ಉರುಳಿಗೆ ಸ್ಪೇನ್ ಬಿತ್ತು. 2019ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಅದರ ಪರ ಆಡಿದ ಕೆಲವರು ಹಿಂದೆ ಫ್ರಾನ್ಸಿನ ಕಿರಿಯರ ತಂಡಕ್ಕೆ ಆಡಿದ್ದರು. ಅಂಕಗಳು ಕತ್ತರಿಸಿಹೋದವು. ರೊಮೇನಿಯಾ, ಬೆಲ್ಜಿಯಂ ಕೂಡ ಅನರ್ಹರನ್ನು ಆಡಿಸಿ ಸಿಕ್ಕಿಬಿದ್ದವು, ಹಿಂದೆ ಉಳಿದಿದ್ದ ರಷ್ಯಾ ವಿಶ್ವಕಪ್ ನಡೆಯಲಿದ್ದ ಜಪಾನಿನ ವಿಮಾನ ಹತ್ತಿತು. ನಾಲ್ಕು ವರ್ಷದ ನಂತರ ಸ್ಪೇನ್ ಮತ್ತೆ ಅರ್ಹತೆ ಗಳಿಸಿತು, ಮತ್ತೆ ಕಳೆದುಕೊಂಡಿತು. ದಕ್ಷಿಣ ಆಫ್ರಿಕಾ ಮೂಲದ ಆಟಗಾರನೊಬ್ಬ ವಾಸದ ಅವಧಿ ಪೂರೈಸಿದ್ದಾನೆಂದು ತೋರಿಸಲು ಕೊಟ್ಟ ಪಾಸ್‌ಪೋರ್ಟ್ ಪ್ರತಿಯನ್ನೇ ತಿದ್ದಲಾಗಿತ್ತು. ಈ ಸಲ 2023ರ ಟಿಕೆಟ್ ರೊಮೇನಿಯಾಕ್ಕೆ. ಕಿರಿಯರ ತಂಡವನ್ನು ಎರಡನೇ ತಂಡವೆಂದು ಘೋಷಿಸುವ ಚಾಳಿಯನ್ನು 2018ರಿಂದ ನಿಲ್ಲಿಸಿದ್ದಾರೆ. ಇದೊಂದು ಒಳ್ಳೆಯ ಕೆಲಸ, ತಡವಾಗಿ.

ಮೂರು ವರ್ಷದ ವಾಸದ ನಿಯಮ ಇನ್ನೊಂದು ಪದವನ್ನು ಹುಟ್ಟಿಸಿತು: ‘ಪ್ರಾಜೆಕ್ಟ್ ಪ್ಲೇಯರ್’. ತನ್ನ ದೇಶದಲ್ಲಿ ಅವಕಾಶ ಸಿಗದ ಒಳ್ಳೆಯ ಆಟಗಾರನನ್ನು ಕರೆತಂದು, ಕ್ಲಬ್ಬಿನಲ್ಲಿ ಸಂಬಳ ಕೊಟ್ಟು, ಕ್ಯಾಲೆಂಡರಿನ ಹಾಳೆ ಹರಿಯುತ್ತಾ ಕೂರುವುದು. ಐರ್ಲೆಂಡ್ ಇದರಲ್ಲಿ ಪಳಗಿದ ಕೈ. ದಕ್ಷಿಣ ಆಫ್ರಿಕಾದ ಸಿ.ಜೆ. ಸ್ಟ್ಯಾಂಡರ್ 2012ರಲ್ಲಿ ಅಲ್ಲಿಯ ಮನ್‌ಸ್ಟರ್ ತಂಡ ಸೇರಿ, 2016ರಲ್ಲಿ ಐರ್ಲೆಂಡ್ ಪರ ಆಡಿ, 2021ರಲ್ಲಿ ನಿವೃತ್ತನಾಗಿ ತಾಯ್ನಾಡಿಗೆ ಮರಳಿದ. ಆಕ್ಲೆಂಡಿನ ಬಂಡಿ ಆಕಿ 2014ರಲ್ಲಿ ಕಾನಾಟ್ ತಂಡಕ್ಕೆ ಬಂದವನು 2017ರಲ್ಲಿ ಐರ್ಲೆಂಡಿನವನಾದ, ಈಗ ಅಲ್ಲಿಯ ಮನೆಮಗ. ಸ್ಕಾಟ್ಲೆಂಡಿನ ಡುಹಾನ್ ವಾನ್ ಡರ್ ಮೆರ್ವೆ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಣ್ಣ ಆಕರ್ ಆ ದೇಶದ ಪರವೇ ಟೆಸ್ಟ್ ಆಡಿದವನು. ಇದು ಅತಿಯಾಯಿತೆಂದು ಅರ್ಜೆಂಟೀನಾದ ಅಗುಸ್ತಿನ್ ಪಿಚೋಟ್ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯ ಉಪಾಧ್ಯಕ್ಷನಾಗಿದ್ದಾಗ ಹಟ ಹಿಡಿದ. 2017ರಲ್ಲಿ ವಾಸದ ಅವಧಿಯನ್ನು ಐದು ವರ್ಷಕ್ಕೆ ಏರಿಸಲು ಮತ ಬಿತ್ತು.

ವಲಸೆ ಬಂದವನನ್ನು ನಾನು ದೂರಲಾರೆ. ಬದುಕು ಕಟ್ಟಿಕೊಳ್ಳಲು ಹೋದವನು, ಹೋದ ಕಡೆ ಬೆವರು ಸುರಿಸಿದ. ಅಸಲಿ ಲೆಕ್ಕ ಇರುವುದು ಪೆಸಿಫಿಕ್ ದ್ವೀಪಗಳಲ್ಲಿ. ಟೊಂಗಾದ ಜನಸಂಖ್ಯೆ ಸುಮಾರು ಒಂದು ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಸಮೋವಾ ಸುಮಾರು ಎರಡು ಲಕ್ಷ. ರಗ್ಬಿಯ ಶ್ರೀಮಂತ ತಂಡಗಳ ಪಟ್ಟಿ ತೆಗೆದರೆ ಈ ದ್ವೀಪಗಳ ಹೆಸರುಗಳು ಅಲ್ಲೆಲ್ಲ ಹರಡಿವೆ. ಟ್ವಿಲಾಗಿ ಮನೆಯ ಐವರು ಅಣ್ಣಂದಿರು ಸಮೋವಾಕ್ಕೆ ಆಡಿದರು, ಕಿರಿಯ ಮಾನು ಇಂಗ್ಲೆಂಡಿಗೆ. ಟೊಂಗಾದ ನಾಯಕನಾಗಿದ್ದ ಫೆಆವೊ ವುನಿಪೋಲನ ಮಕ್ಕಳು ಮಾಕೊ ಮತ್ತು ಬಿಲ್ಲಿ ಇಂಗ್ಲೆಂಡಿಗೆ, ಅವರ ಕಸಿನ್ ಟೌಲುಪೆ ಫಲೆಟೌ ವೇಲ್ಸಿಗೆ. ಒಂದೇ ಮನೆಯ ಹಬ್ಬದೂಟಕ್ಕೆ ಕೂತವರು ಮೂರು ರಾಷ್ಟ್ರಗೀತೆ ಹಾಡಬಲ್ಲರು. ಇಷ್ಟೊಂದು ಸಮೋವಾ ರಕ್ತ ಹರಿಯುವ ನ್ಯೂಜಿಲೆಂಡ್ ತಂಡ ಆ ದ್ವೀಪಕ್ಕೆ ಹೋಗಿ ಮೊದಲ ಟೆಸ್ಟ್ ಆಡಿದ್ದು ಯಾವಾಗ ಗೊತ್ತೇ? 2015ರ ಜುಲೈನಲ್ಲಿ.

ಚಾರ್ಲ್ಸ್ ಪಿಯುಟೌನನ್ನು ನೋಡಿ. ಟೊಂಗಾ ಮೂಲದ ತಂದೆತಾಯಿಗೆ ಆಕ್ಲೆಂಡಿನಲ್ಲಿ ಹುಟ್ಟಿದವನು. ನ್ಯೂಜಿಲೆಂಡ್ ಪರ 2015ರವರೆಗೆ ಆಡಿ, ಯುರೋಪಿನ ಕ್ಲಬ್ಬುಗಳಿಗೆ ಹೋದ. ಹೊರದೇಶದ ಕ್ಲಬ್ಬಿನಲ್ಲಿ ಆಡುವವರನ್ನು ನ್ಯೂಜಿಲೆಂಡ್ ಆರಿಸುವುದಿಲ್ಲ. ಟೊಂಗಾ ಆರಿಸಬೇಕೆಂದರೂ ಆಗಿನ ನಿಯಮ ಬಿಡುತ್ತಿರಲಿಲ್ಲ. ಅಣ್ಣ ಸಿಯಾಲೆ 2019ರ ವಿಶ್ವಕಪ್ಪಿನಲ್ಲಿ ಟೊಂಗಾದ ನಾಯಕ, ತಮ್ಮ ಯಾವ ದೇಶದವನೂ ಅಲ್ಲ. ಅವನ ಒಳ್ಳೆಯ ವಯಸ್ಸಿನ ಏಳು ವರ್ಷ ಹೀಗೇ ಹೋಯಿತು. 2021ರ ನವೆಂಬರ್‌ನಲ್ಲಿ ವರ್ಲ್ಡ್ ರಗ್ಬಿ ಕೊನೆಗೂ ಒಪ್ಪಿತು: ಮೂರು ವರ್ಷ ಯಾವ ದೇಶಕ್ಕೂ ಆಡದೆ ಇದ್ದವನು, ತಾನು ಅಥವಾ ತನ್ನ ತಂದೆತಾಯಿ, ಅಜ್ಜ ಅಜ್ಜಿಯರು ಹುಟ್ಟಿದ ದೇಶಕ್ಕೆ ಒಮ್ಮೆ ಬದಲಾಗಬಹುದು. 2022ರಲ್ಲಿ ಪಿಯುಟೌ, ಟೊಂಗಾದಲ್ಲೇ ಹುಟ್ಟಿದ ಮಲಾಕೈ ಫೆಕಿಟೊವಾ, ಆಸ್ಟ್ರೇಲಿಯಾಕ್ಕೆ ಆಡಿದ್ದ ಇಸ್ರೇಲ್ ಫೋಲೌ ಎಲ್ಲ ಟೊಂಗಾದ ಕೆಂಪು ಜರ್ಸಿ ತೊಟ್ಟರು. ಬಾಗಿಲು ದ್ವೀಪದವರಿಗೆ ಮಾತ್ರವಲ್ಲ. ಆಸ್ಟ್ರೇಲಿಯಾದ ಜ್ಯಾಕ್ ಡೆಂಪ್ಸಿ ಅದೇ ವರ್ಷ ಸ್ಕಾಟ್ಲೆಂಡಿನವನಾದ. 2023ರ ವಿಶ್ವಕಪ್ಪಿನಲ್ಲಿ ಲೀಲ್ ನಗರದಲ್ಲಿ ಸಮೋವಾ ಇಂಗ್ಲೆಂಡಿಗೆ ಸೋತಿದ್ದು 17-18ರಿಂದ, ಒಂದೇ ಅಂಕದಿಂದ. ಆ ತಂಡದಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳು ಬಳಸಿ ಬಿಟ್ಟವರಿದ್ದರು.

ಇಲ್ಲಿ ನಮ್ಮವರ ಮಾತೂ ಬರುತ್ತದೆ. ವೆಲಿಂಗ್ಟನ್‌ನಲ್ಲಿ ಹುಟ್ಟಿದ ಕ್ರಿಕೆಟಿಗ ರಚಿನ್ ರವೀಂದ್ರನ ತಂದೆತಾಯಿ ಬೆಂಗಳೂರಿನವರು. 2023ರಲ್ಲಿ ಅವನ ಅಜ್ಜಿ ಬೆಂಗಳೂರಿನ ಮನೆಯಲ್ಲಿ ಕೂರಿಸಿ ದೃಷ್ಟಿ ತೆಗೆದ ವಿಡಿಯೊ ನೀವೂ ನೋಡಿರುತ್ತೀರಿ. ರಗ್ಬಿ ಆಡಿದ್ದರೆ ಆ ಅಜ್ಜಿಯೊಬ್ಬರೇ ಸಾಕಾಗಿತ್ತು, ಅವನು ಭಾರತಕ್ಕೆ ಅರ್ಹ. ಆದರೆ ನಮ್ಮ ಸರ್ಕಾರ 2008ರಲ್ಲಿ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ಪರ ಆಡುವಂತಿಲ್ಲ ಎಂದಿತು, ಸಾಗರೋತ್ತರ ಪೌರತ್ವದ ಕಾರ್ಡಿಗೂ ಬೆಲೆಯಿಲ್ಲ. ಬೆಂಗಳೂರು ಎಫ್‌ಸಿಯ ಫುಟ್‌ಬಾಲಿಗ ರಯನ್ ವಿಲಿಯಮ್ಸ್ ಭಾರತಕ್ಕೆ ಆಡುವ ಆಸೆಯಿಂದ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟ. ಅಂಥ ತ್ಯಾಗಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ, ಅದನ್ನು ಕೇಳಬೇಕಿತ್ತೇ ಎಂದು ಯೋಚಿಸುವುದಿಲ್ಲ.

ನಿಷ್ಠೆಯ ಪರೀಕ್ಷೆ ಯಾವಾಗಲೂ ಆಟಗಾರನಿಗೇ. ನಾಲ್ಕು ಪಂದ್ಯ ಆಡಿಸಿ ಮರೆತುಬಿಡುವ ಸಂಸ್ಥೆಯನ್ನು ನಿಷ್ಠೆ ಎಲ್ಲಿ ಎಂದು ಯಾರೂ ಕೇಳಿಲ್ಲ. ಈಗಿರುವ ಮೂರು ವರ್ಷದ ಕಾಯುವಿಕೆ ನನ್ನ ಪ್ರಕಾರ ಹೆಚ್ಚು. ಮೈ ಮುರಿಯುವ ಈ ಆಟದಲ್ಲಿ ಒಬ್ಬನ ಒಳ್ಳೆಯ ಕಾಲ ಹತ್ತು ವರ್ಷ ದಾಟುವುದು ಅಪರೂಪ, ಅದರಲ್ಲಿ ಮೂರನ್ನು ಮನೆಯಲ್ಲಿ ಕೂತು ಕಳೆ ಎನ್ನುವುದು ದಂಡವೇ. ಇಪ್ಪತ್ತಮೂರು ತುಂಬದ ಹುಡುಗನಿಗೆ ಕೊಟ್ಟ ಕ್ಯಾಪ್ ಅವನನ್ನು ಕಟ್ಟಿಹಾಕಬಾರದು. ಅದಕ್ಕಿಂತ ದೊಡ್ಡವನನ್ನೂ ಸಂಸ್ಥೆ ಒಂದು ವರ್ಷ ಆರಿಸದೆ ಬಿಟ್ಟರೆ ಅವನು ಹೋಗಲು ಸ್ವತಂತ್ರ ಎನ್ನಬೇಕು. ದುಡ್ಡಿರುವ ಸಂಸ್ಥೆಗಳು ಇದಕ್ಕೆ ಒಪ್ಪುವುದು ಕಷ್ಟ. ನಿಯಮ ಬದಲಿಸಲು ವರ್ಲ್ಡ್ ರಗ್ಬಿ ಸಭೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಅಲ್ಲಿ ಹೆಚ್ಚು ಮತ ಇರುವುದು ಅವರಿಗೇ.