ತಣ್ಣೀರಿನ ಕಡಲು

ಸಮುದ್ರವೆಂದರೆ ಸೆಕೆ, ಬೆವರು ಎಂದುಕೊಂಡವರು ನಮೀಬಿಯಾದ ಲ್ಯೂಡೆರಿಟ್ಸ್ ನೋಡಬೇಕು. ಬೆನ್ನಿಗೆ ನಮೀಬ್ ಮರುಭೂಮಿ, ಎದುರಿಗೆ ಅಟ್ಲಾಂಟಿಕ್, ನೀರು ಮುಟ್ಟಿದರೆ ಪಾದ ಮರಗಟ್ಟುತ್ತದೆ. ದಕ್ಷಿಣದಿಂದ ಬರುವ ಬೆಂಗುಯೆಲಾ ಶೀತಪ್ರವಾಹ ಈ ತೀರಕ್ಕೆ ಮಂಜು ಕೊಡುತ್ತದೆಯೇ ಹೊರತು ಮಳೆ ಕೊಡುವುದಿಲ್ಲ. ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆಸಿದ ಪಾಠ, ಮಗಳು ಅಳಿಯನ ಜೊತೆ ಹೋದಾಗಲೇ ನನ್ನ ಮೈಗೆ ತಾಕಿದ್ದು.

1488ರಲ್ಲಿ ಪೋರ್ಚುಗೀಸ್ ನಾವಿಕ ಬಾರ್ತಲೋಮಿಯು ಡಯಾಸ್ ಇಲ್ಲಿ ಕಲ್ಲಿನ ಶಿಲುಬೆ ನೆಟ್ಟ. ಆ ಕಥೆ ಇರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಊರಿಗೆ ಅಂಟಿಕೊಂಡ ಶಾರ್ಕ್ ದ್ವೀಪ. 1904ರಲ್ಲಿ ಹೆರೆರೊ ಮತ್ತು ನಾಮಾ ಜನ ಜರ್ಮನರ ವಿರುದ್ಧ ದಂಗೆಯೆದ್ದರು. ಸೆರೆಸಿಕ್ಕವರನ್ನು, ಹೆಂಗಸರು ಮಕ್ಕಳೆನ್ನದೆ, 1905ರಿಂದ 1907ರವರೆಗೆ ಈ ಬಂಡೆಯ ಮೇಲೆ ಕೂಡಿಹಾಕಿದರು. ಒಳನಾಡಿನ ಬಿಸಿಲಲ್ಲಿ ದನ ಮೇಯಿಸಿಕೊಂಡಿದ್ದವರಿಗೆ ಇಲ್ಲಿ ಅರೆಹೊಟ್ಟೆ, ಹರಕು ಬಟ್ಟೆ, ಮೂಳೆ ಕೊರೆಯುವ ಗಾಳಿ. ಸಾವಿರಕ್ಕೂ ಹೆಚ್ಚು ಜನ ಸತ್ತರು.

ಸತ್ತವರ ತಲೆಗಳನ್ನು ಕುದಿಸಿ, ಗಾಜಿನ ಚೂರಿನಿಂದ ಮಾಂಸ ಹೆರೆಯುವ ಕೆಲಸವನ್ನು ಸೆರೆಯಲ್ಲಿದ್ದ ಹೆಂಗಸರಿಂದಲೇ ಮಾಡಿಸಿದರು. ತನ್ನವರದೇ ತಲೆ ಕೈಗೆ ಬಂದಾಗ ಆ ತಾಯಿ ಏನು ಮಾಡಿದಳೋ! ಬುರುಡೆಗಳು ‘ಸಂಶೋಧನೆ’ಗೆಂದು ಬರ್ಲಿನ್ನಿಗೆ ಹೋದವು. 2011ರಲ್ಲಿ 20 ಬುರುಡೆಗಳು ತಾಯ್ನಾಡಿಗೆ ಮರಳಿದವು. ನಡೆದದ್ದು ನರಮೇಧವೆಂದು ಜರ್ಮನ್ ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 2021ರಲ್ಲಿ.

ನಾವು ಹೋದಾಗ ಆ ದ್ವೀಪದಲ್ಲಿ ಪ್ರವಾಸಿಗರ ಡೇರೆಗಳಿದ್ದವು. ರಾತ್ರಿ ತಂಗಲು ಅಳಿಯಂದಿರು ನಮಗೂ ಅಲ್ಲೇ ಜಾಗ ಗೊತ್ತುಮಾಡಿದ್ದರು. ನಾನು ಒಲ್ಲೆನೆಂದೆ. ಮಗಳು ಮಾತಾಡಲಿಲ್ಲ, ಊರೊಳಗೆ ಕೋಣೆ ಹುಡುಕಲು ಹೊರಟಳು.