ಕೈಯಿಂದ ಬರೆದ ಆಟಗಳು

ಕಳೆದ ದೀಪಾವಳಿಗೆ ಕೋವಾಡಕ್ಕೆ ಬಂದಿದ್ದ ನಮ್ಮ ಮೊಮ್ಮಗಳು ಮೊಬೈಲಿನಲ್ಲಿ ‘ಗೊರೊಗೋವಾ’ ಎಂಬ ಆಟವನ್ನು ತೋರಿಸಿದಳು. ಪರದೆಯ ಮೇಲೆ ನಾಲ್ಕು ಚೌಕಗಳು. ಅವುಗಳಲ್ಲಿ ಕೈಯಿಂದ ಬರೆದ ಚಿತ್ರಗಳು. ಒಂದು ಚಿತ್ರವನ್ನು ಸರಿಸಿ ಇನ್ನೊಂದರ ಪಕ್ಕಕ್ಕೋ ಮೇಲಕ್ಕೋ ಸರಿಯಾಗಿ ಇಟ್ಟರೆ ಒಗಟು ಬಿಚ್ಚಿಕೊಂಡು ಕಥೆ ಮುಂದೆ ಸಾಗುತ್ತದೆ. ಮಾತು ಒಂದೂ ಇಲ್ಲ. ಅಮೆರಿಕದ ಜೇಸನ್ ರಾಬರ್ಟ್ಸ್ ಎಂಬವರು ಚಿತ್ರಗಳನ್ನೂ ಒಗಟುಗಳನ್ನೂ ತಾವೊಬ್ಬರೇ ರಚಿಸಿ, ವರ್ಷಗಟ್ಟಲೆ ತಿದ್ದಿ, 2017ರಲ್ಲಿ ಹೊರತಂದರೆಂದು ಆಕೆ ಹೇಳಿದಾಗ ನಮಗೆ ಮೈಸೂರಿನ ಅರಸರೊಬ್ಬರು ನೆನಪಾದರು.

1799ರಲ್ಲಿ ಐದು ವರ್ಷವೂ ತುಂಬದೆ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಸಿಂಹಾಸನ ಉಳಿಯಿತು, ಅಧಿಕಾರ ಹೋಯಿತು. ಆದರೂ ಅರಸರು ಕೈಕಟ್ಟಿ ಕೂರಲಿಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಗಂಜೀಫಾ ಎಲೆಯಾಟಗಳ ವಿವರವಿದೆ; ಅವುಗಳಲ್ಲೊಂದಕ್ಕೆ 360 ಎಲೆಗಳು. ಕಲ್ಪನೆ ಅರಸರದು, ಕುಂಚ ಆಸ್ಥಾನದ ಚಿತ್ರಗಾರರದು. ಚದುರಂಗದ ಕುದುರೆಯನ್ನು ಯಾವ ಮನೆಗೂ ಎರಡನೆಯ ಬಾರಿ ಕಾಲಿಡದಂತೆ 64 ಮನೆಗಳಲ್ಲಿಯೂ ನಡೆಸುವ ಒಗಟನ್ನು ಅವರು ಬಿಡಿಸಿದರು. ನಡೆಯ ಕ್ರಮದಲ್ಲಿ ಮನೆಗಳಿಗೆ ಅಂಕೆ ಬರೆದರೆ, ಅಡ್ಡಸಾಲು ಕಂಬಸಾಲುಗಳಲ್ಲಿ ಯಾವುದನ್ನು ಕೂಡಿಸಿದರೂ 260 ಬರುವಂಥ ಒಂದು ನಡೆಯೂ ಅವರ ಹೆಸರಿನಲ್ಲಿದೆ.

ಗಂಜೀಫಾ ನಮ್ಮ ಸೀಮೆಗೂ ದೂರದ್ದಲ್ಲ. ಘಟ್ಟವಿಳಿದರೆ ಸಾವಂತವಾಡಿ, ಅಲ್ಲಿ ದಶಾವತಾರದ 120 ದುಂಡನೆಯ ಎಲೆಗಳಿಗೆ ಇಂದಿಗೂ ಕೈಯಿಂದಲೇ ಬಣ್ಣ ತುಂಬುತ್ತಾರೆ. ಆ ಕಲೆ ನಶಿಸುತ್ತಿದ್ದಾಗ ಅಲ್ಲಿನ ರಾಜಮನೆತನವೇ ಕಲಾವಿದರನ್ನು ಅರಮನೆಯಲ್ಲಿ ಕೂರಿಸಿ ಅದನ್ನು ಉಳಿಸಿತು.

ಇಷ್ಟೆಲ್ಲ ಬರೆಯುವಾಗ ನಮ್ಮದೊಂದು ತಪ್ಪು ಮನಸ್ಸನ್ನು ಚುಚ್ಚುತ್ತದೆ. ನಾವು ಶಿಕ್ಷಕರಾಗಿದ್ದಾಗ ಹುಡುಗನೊಬ್ಬ ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ದಾರಿ ಹುಡುಕುವ ಆಟವೊಂದನ್ನು ಬರೆದು, ಪಕ್ಕದವನಿಂದ ಆಡಿಸುತ್ತಿದ್ದ. ಅದು ಪಾಠವಲ್ಲವೆಂದು ಆ ಹಾಳೆಯನ್ನು ಹರಿದೆವು. ಅವನು ಮತ್ತೆಂದೂ ನಮ್ಮ ತರಗತಿಯಲ್ಲಿ ಚಿತ್ರ ಬರೆಯಲಿಲ್ಲ. ಅದನ್ನೇ ಅಂದು ನಾವು ಶಿಸ್ತು ಎಂದುಕೊಂಡೆವು.

ದೀಪಾವಳಿಯ ಆ ಸಂಜೆ ಮೊಮ್ಮಗಳಿಗೆ ಹಾಳೆಯ ಮೇಲೆ 64 ಮನೆಗಳನ್ನು ಬರೆದುಕೊಟ್ಟು, ಮುಮ್ಮಡಿಯವರ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಊಟಕ್ಕೆ ಕರೆದರೂ ಏಳದೆ ಕುದುರೆಯನ್ನು 50 ಮನೆ ದಾಟಿಸಿ ಸಿಕ್ಕಿಕೊಂಡಳು. ಅಳಿಸಿ ಮತ್ತೆ ಮೊದಲಿನಿಂದ ಹಿಡಿದಳು. ಸಂಘದ ತಾಯಿ ತಂದೆಯರಲ್ಲಿ ನಮ್ಮ ವಿನಂತಿ ಇಷ್ಟೇ: ಮಗು ಹಾಳೆಯ ಮೇಲೆ ಚೌಕಗಳನ್ನು ಬರೆಯುತ್ತಿದ್ದರೆ ಹಾಳೆಯನ್ನು ಕಸಿಯಬೇಡಿರಿ. ಹತ್ತಿರ ಕುಳಿತು, ಇದನ್ನು ಆಡುವುದು ಹೇಗೆಂದು ಕೇಳಿರಿ.