ವಾದ್ಯಗಳಿಗೆ ಮೈಕ್ರೊಫೋನ್ ಅಳವಡಿಕೆ

ವಾದ್ಯಗಳಿಗೆ ಮೈಕ್ರೊಫೋನ್ ಅಳವಡಿಕೆ ಎಂದರೆ ವೇದಿಕೆಯಲ್ಲಿ ಅಥವಾ ಧ್ವನಿಮುದ್ರಣ ಕೊಠಡಿಯಲ್ಲಿ ವಾದ್ಯದ ನಾದವನ್ನು ಸ್ಪಷ್ಟವಾಗಿ ಗ್ರಹಿಸಲು ಮೈಕ್ರೊಫೋನನ್ನು ತಕ್ಕ ದೂರ ಹಾಗೂ ಕೋನದಲ್ಲಿ ಇರಿಸುವ ಕ್ರಮ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ರೂಢಿಯಲ್ಲಿರುವ ಬಯಲಾಟ, ಚೌಡಿಕೆ ಪದ ಹಾಗೂ ಗೊರವರ ಕುಣಿತಗಳು ಬಯಲಿನಲ್ಲಿ ನಡೆಯುವುದರಿಂದ ಅಲ್ಲಿ ಈ ಕ್ರಮಕ್ಕೆ ವಿಶೇಷ ಮಹತ್ವವಿದೆ.

ಮೂಲ ತತ್ವಗಳು

ಬಯಲಿನಲ್ಲಿ ದೂರ ಇಮ್ಮಡಿಯಾದಾಗ ನಾದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ಮೈಕ್ರೊಫೋನ್ ವಾದ್ಯಕ್ಕೆ ಹತ್ತಿರವಾದಷ್ಟೂ ಸುತ್ತಲಿನ ಸದ್ದು ಕಡಿಮೆ ಸೇರುತ್ತದೆ. ಆದರೆ ಕಾರ್ಡಿಯಾಯ್ಡ್ ಮಾದರಿಯ ಮೈಕ್ರೊಫೋನ್ ತೀರಾ ಹತ್ತಿರವಿದ್ದರೆ ಮಂದ್ರ ಸ್ವರಗಳು ಉಬ್ಬಿ ಕೇಳಿಸುತ್ತವೆ. ಇದನ್ನು ಸಾಮೀಪ್ಯ ಪರಿಣಾಮ ಎನ್ನುತ್ತಾರೆ.

ಎರಡು ಮೈಕ್ರೊಫೋನ್‌ಗಳ ನಡುವಿನ ಅಂತರವು ಪ್ರತಿಯೊಂದಕ್ಕೂ ಅದರ ವಾದ್ಯಕ್ಕೂ ಇರುವ ದೂರದ ಕನಿಷ್ಠ 3 ಪಟ್ಟು ಇರಬೇಕೆಂಬುದು ರೂಢಿಯ ಸೂತ್ರ. ವಾದ್ಯಕ್ಕೆ 20 ಸೆಂ.ಮೀ. ದೂರವಿದ್ದರೆ ಪಕ್ಕದ ಮೈಕ್ರೊಫೋನ್ 60 ಸೆಂ.ಮೀ. ಆಚೆಗಿರಬೇಕು.

ಬಯಲಾಟದ ಹಿಮ್ಮೇಳ

ದೊಡ್ಡಾಟದ ಹಿಮ್ಮೇಳದಲ್ಲಿ ಹಾರ್ಮೋನಿಯಂ, ಮದ್ದಳೆ, ತಾಳ ಮತ್ತು ಮುಖವೀಣೆಗಳು ಬಳಕೆಯಲ್ಲಿವೆ.

* ಮದ್ದಳೆ: ಎರಡು ಮುಖಗಳ ನಾದ ಬೇರೆಬೇರೆಯಾದ್ದರಿಂದ ಎರಡು ಮೈಕ್ರೊಫೋನ್ ಉತ್ತಮ. ನಾದ ತೆಳುವಾದರೆ ಒಂದರ ಧ್ರುವತೆಯನ್ನು ತಿರುಗಿಸಿ ಕೇಳಬೇಕು. ಒಂದೇ ಇದ್ದರೆ ಎರಡೂ ಮುಖಗಳು ಸಮನಾಗಿ ಕೇಳುವಂತೆ ವಾದ್ಯದ ಮುಂದೆ ತುಸು ದೂರ ಇರಿಸಬೇಕು.
* ಹಾರ್ಮೋನಿಯಂ: ನಾದ ಹೊರಬರುವ ರಂಧ್ರಗಳ ಕಡೆಗೆ, ತಿದಿಯ ಗಾಳಿ ನೇರವಾಗಿ ಬಡಿಯದಂತೆ ಇಡಬೇಕು.
* ಮುಖವೀಣೆ: ನಾದವು ಬಾಯಿಯಿಂದಷ್ಟೇ ಅಲ್ಲ, ಬೆರಳಿನ ರಂಧ್ರಗಳಿಂದಲೂ ಹೊಮ್ಮುತ್ತದೆ. ಆದ್ದರಿಂದ ಮೈಕ್ರೊಫೋನನ್ನು ರಂಧ್ರಗಳತ್ತ ಓರೆಯಾಗಿ ತಿರುಗಿಸುತ್ತಾರೆ.
* ತಾಳ: ಸಾಮಾನ್ಯವಾಗಿ ಪ್ರತ್ಯೇಕ ಮೈಕ್ರೊಫೋನ್ ಬೇಡ. ಅದರ ಸದ್ದು ಭಾಗವತರ ಮೈಕ್ರೊಫೋನಿಗೇ ಸೇರುತ್ತದೆ.

ನಟರ ಹೆಜ್ಜೆಯ ಕಂಪನ ಹಲಗೆಯ ಮೂಲಕ ಸ್ಟ್ಯಾಂಡಿಗೆ ತಲುಪುತ್ತದೆ. ಅದರ ಕೆಳಗೆ ದಪ್ಪ ಗೋಣಿ ಅಥವಾ ರಬ್ಬರ್ ಹಾಸಿದರೆ ಈ ಸದ್ದು ತಗ್ಗುತ್ತದೆ. ಗಾಳಿಯ ಸದ್ದಿಗೆ ಸ್ಪಂಜಿನ ಹೊದಿಕೆ ಬಳಸುತ್ತಾರೆ.

ಚೌಡಿಕೆ ಮತ್ತು ಗೊರವರ ವಾದ್ಯಗಳು

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಭಕ್ತರಾದ ಜೋಗತಿಯರ ವಾದ್ಯ ಚೌಡಿಕೆ. ತಂತಿಯನ್ನು ಮೀಟಿದಾಗ ತಳದ ಚರ್ಮ ಕಂಪಿಸುತ್ತದೆ. ಹಾಡುವವರೇ ನುಡಿಸುವುದಾದರೆ ಕಂಠಕ್ಕೊಂದು, ವಾದ್ಯದ ಒಡಲಿಗೊಂದು ಮೈಕ್ರೊಫೋನ್ ಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಗೊರವರು ಡಮರು ಮತ್ತು ಪಿಳ್ಳಂಗೋವಿ ನುಡಿಸುತ್ತಾ ಕುಣಿಯುವುದರಿಂದ ಅವರಿಗೆ ಸ್ಟ್ಯಾಂಡಿಗಿಂತ ಉಡುಪಿಗೆ ಸಿಕ್ಕಿಸುವ ತಂತಿರಹಿತ ಮೈಕ್ರೊಫೋನ್ ಸೂಕ್ತ.

ಕೂಗುವಿಕೆಯ ತಡೆ

ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕ್ರೊಫೋನಿಗೆ ಸೇರಿ ವರ್ಧಿಸುತ್ತಾ ಹೋದರೆ ಕರ್ಕಶವಾದ ಕೂಗು ಏಳುತ್ತದೆ. ಇದನ್ನು ತಡೆಯಲು ಧ್ವನಿವರ್ಧಕಗಳನ್ನು ಮೈಕ್ರೊಫೋನ್‌ಗಳಿಗಿಂತ ಮುಂದೆ, ಪ್ರೇಕ್ಷಕರತ್ತ ಮುಖಮಾಡಿ ಇಡಬೇಕು. ತೆರೆದಿರುವ ಮೈಕ್ರೊಫೋನ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗಿಲ್ಲದೆ ಪಡೆಯಬಹುದಾದ ವರ್ಧನೆ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ಹೀಗಾಗಿ ಹಿಮ್ಮೇಳಕ್ಕೆ ಮೈಕ್ರೊಫೋನ್ ಹೆಚ್ಚಿಸಿದಷ್ಟೂ ನಟರ ಮಾತನ್ನು ಹಿಂದಿನ ಸಾಲಿಗೆ ಮುಟ್ಟಿಸುವುದು ಕಷ್ಟವಾಗುತ್ತದೆ. ಬಳಕೆಯಲ್ಲಿಲ್ಲದವುಗಳನ್ನು ಮುಚ್ಚಿಡುವುದು ಅಗತ್ಯ.

ಧ್ವನಿಮುದ್ರಣ ಕೊಠಡಿಯಲ್ಲಿ

ಕೊಠಡಿಯಲ್ಲಿ ಕೂಗುವಿಕೆಯ ಭಯವಿಲ್ಲದ ಕಾರಣ ಮೈಕ್ರೊಫೋನನ್ನು ಅರ್ಧದಿಂದ ಒಂದು ಮೀಟರ್ ದೂರದಲ್ಲಿ ಇರಿಸಿ ವಾದ್ಯದ ಸಮಗ್ರ ನಾದವನ್ನು ಗ್ರಹಿಸಬಹುದು. ಸೂಕ್ಷ್ಮಗ್ರಾಹಿಯಾದ ಕಂಡೆನ್ಸರ್ ಮಾದರಿ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ವೇದಿಕೆಯಲ್ಲಿ ಗಟ್ಟಿಮುಟ್ಟಾದ ಡೈನಮಿಕ್ ಮಾದರಿಗೆ ಆದ್ಯತೆ ಇದೆ.